ಮಲಗುವಾಗ ಹಾಕುವ ಲೆನ್ಸ್ ನಮ್ಮೂರ ರಾತ್ರಿಗೆ ಹೊಂದುತ್ತಾ?

ನಮ್ಮ ಅಜ್ಜಿ-ತಾತಂದಿರ ಕಾಲದಲ್ಲಿ ಹಳ್ಳಿ ಕಡೆ ಕಣ್ಣಿನ ತೊಂದರೆ ಅಂದ್ರೆ ಪೊರೆ. ಡಾ. ಎಂ. ಸಿ. ಮೋದಿಯವರ ಉಚಿತ ಕಣ್ಣಿನ ಶಿಬಿರಗಳ ಹೆಸರು ಆ ತಲೆಮಾರಿನವರ ಬಾಯಲ್ಲಿ ಈಗಲೂ ಬರುತ್ತೆ. ನಮ್ಮ ತಲೆಮಾರಿನದು ಬೇರೆ ಕತೆ: ಮೊಬೈಲ್ ಚೆನ್ನಾಗಿ ಕಾಣುತ್ತೆ, ಬೋರ್ಡ್ ಕಾಣಲ್ಲ. ಇದಕ್ಕೆ ಸಮೀಪದೃಷ್ಟಿ ಅನ್ನುತ್ತಾರೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದ ನಮಗೆ ಕನ್ನಡಕದ ಕಿರಿಕಿರಿ ಸ್ವಲ್ಪ ಜಾಸ್ತಿಯೇ. ಹೊಗೆಸೊಪ್ಪಿನ ಬ್ಯಾರನ್ ಬಾಗಿಲು ತೆಗೆದರೆ ಗ್ಲಾಸಿನ ತುಂಬ ಹಬೆ. ಗದ್ದೆಯಲ್ಲಿ ನಾಟಿಗೆ ಬಗ್ಗಿದರೆ ಮೂಗಿನಿಂದ ಜಾರಿ ಕೆಸರಿಗೆ. ಹಾಗಾಗಿ "ರಾತ್ರಿ ಲೆನ್ಸ್ ಹಾಕಿ ಮಲಗು, ಬೆಳಗ್ಗೆ ತೆಗೆ, ಇಡೀ ದಿನ ಕನ್ನಡಕ ಬೇಡ" ಅಂತ ಯಾರಾದರೂ ಹೇಳಿದರೆ ಕಿವಿ ನಿಮಿರುತ್ತೆ. ಇದು ಜಾಹೀರಾತಿನ ಪವಾಡ ಅಲ್ಲ, ನಿಜವಾಗಿಯೂ ಇರುವ ವಿಧಾನ. ಹೆಸರು ಆರ್ಥೋಕೆರಟಾಲಜಿ, ಚಿಕ್ಕದಾಗಿ ಆರ್ಥೋ-ಕೆ. ಅಮೆರಿಕದ ಎಫ್‌ಡಿಎ ರಾತ್ರಿ ಧರಿಸುವ ಇಂಥ ಲೆನ್ಸಿಗೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಹೇಗೆ ಕೆಲಸ ಮಾಡುತ್ತೆ, ನಮ್ಮಂಥವರು ಹಾಕಿಸಿಕೊಳ್ಳುವ ಮುಂಚೆ ಏನು ಯೋಚಿಸಬೇಕು ಅನ್ನೋದನ್ನು ಇಲ್ಲಿ ನೋಡೋಣ.

16 ಮೈಕ್ರಾನಿನ ಲೆಕ್ಕ

ಕಣ್ಣಿನ ಮುಂಭಾಗದ ಪಾರದರ್ಶಕ ಕಿಟಕಿಯೇ ಕಾರ್ನಿಯಾ. ಇದು ಒಂದೇ ಗಾಜಿನ ಹಾಗಲ್ಲ, ಪದರ ಪದರವಾಗಿರುತ್ತೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನೆನಪಿದೆಯಲ್ಲ? ವೈದ್ಯರು ಒಂದೊಂದು ಕಾರ್ನಿಯಾದ ಮುಂದಿನ ಪದರವನ್ನೂ ಹಿಂದಿನ ಪದರವನ್ನೂ ಬೇರ್ಪಡಿಸಿ ಬೇರೆ ಬೇರೆಯವರಿಗೆ ಕಸಿ ಮಾಡಿದ್ದರಿಂದಲೇ ಅದು ಸಾಧ್ಯವಾಯ್ತು.

ಕಾರ್ನಿಯಾದ ಮಧ್ಯದ ದಪ್ಪ ಸುಮಾರು 540 ಮೈಕ್ರಾನ್. ಅದರಲ್ಲಿ ತೀರಾ ಹೊರಗಿನ ಪದರ, ಎಪಿತೀಲಿಯಂ, ಸುಮಾರು 50 ಮೈಕ್ರಾನ್. ಚರ್ಮದ ಮೇಲ್ಪದರದ ಹಾಗೆ ಇದರ ಕೋಶಗಳು ವಾರ-ಹತ್ತು ದಿನದಲ್ಲಿ ಹೊಸದಾಗುತ್ತಾ ಇರುತ್ತವೆ. ಆರ್ಥೋ-ಕೆ ಆಟ ಆಡೋದು ಮುಖ್ಯವಾಗಿ ಈ ಪದರದ ಜೊತೆ.

ಸಮೀಪದೃಷ್ಟಿಯಲ್ಲಿ ಬೆಳಕು ರೆಟಿನಾಗಿಂತ ಮುಂಚೆಯೇ ಕೂಡಿಬಿಡುತ್ತೆ. ಕಾರ್ನಿಯಾದ ಮಧ್ಯಭಾಗವನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಫೋಕಸ್ ಹಿಂದಕ್ಕೆ ಸರಿಯುತ್ತೆ. ಎಷ್ಟು ಚಪ್ಪಟೆ ಮಾಡಬೇಕು? ಒಂದು ಸರಳ ಅಂದಾಜು ಸೂತ್ರ ಇದೆ: ಪವರ್ ಅನ್ನು ವಲಯದ ವ್ಯಾಸದ ವರ್ಗದಿಂದ ಗುಣಿಸಿ ಮೂರರಿಂದ ಭಾಗಿಸಿ. ನಿಮ್ಮ ಪವರ್ ಮೈನಸ್ 3, ಸರಿಪಡಿಸುವ ವಲಯ 4 ಮಿ.ಮೀ. ಅಂತಿಟ್ಟುಕೊಳ್ಳಿ. 3 × 16 ÷ 3 = 16 ಮೈಕ್ರಾನ್. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದ್ರೆ ಹಾಳೆಯ ಆರನೇ ಒಂದು ಭಾಗದಷ್ಟು ವ್ಯತ್ಯಾಸಕ್ಕೆ ಮೈನಸ್ 3 ಹೋಗುತ್ತೆ!

ಇದೇ ಲೆಕ್ಕ ಮಿತಿಯನ್ನೂ ಹೇಳುತ್ತೆ. ಮೈನಸ್ 6 ಆದರೆ 32 ಮೈಕ್ರಾನ್ ಬೇಕು. ಇರೋದೇ 50. ಅದಕ್ಕೇ ಪವರ್ ಜಾಸ್ತಿಯಾದಷ್ಟೂ ಈ ವಿಧಾನ ಕಷ್ಟ. ಮೈನಸ್ 4ರೊಳಗಿನವರಿಗೆ ಫಲಿತಾಂಶ ಚೆನ್ನಾಗಿರುತ್ತೆ, 6ರ ಹತ್ತಿರ ಹೋದಂತೆ ಭರವಸೆ ಇಳಿಯುತ್ತೆ.

ಒತ್ತೋದು ಲೆನ್ಸ್ ಅಲ್ಲ, ಕಣ್ಣೀರು

ಈ ಲೆನ್ಸ್ ಗಟ್ಟಿಯಾದದ್ದು. ಮಧ್ಯಭಾಗ ಕಾರ್ನಿಯಾಗಿಂತ ಚಪ್ಪಟೆ, ಅದರ ಸುತ್ತ ಒಂದು ಉಂಗುರ ಕಡಿದಾದ ವಕ್ರತೆಯದು. ಲೆನ್ಸಿಗೂ ಕಣ್ಣಿಗೂ ನಡುವೆ ಕಣ್ಣೀರಿನ ತೆಳು ಪದರ ಇರುತ್ತೆ. ಮಧ್ಯದಲ್ಲಿ ಅದು ಕೆಲವೇ ಮೈಕ್ರಾನ್, ಉಂಗುರದ ಕೆಳಗೆ ಅದಕ್ಕಿಂತ ಎಷ್ಟೋ ದಪ್ಪ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಬೇರಿಂಗಿನ ಎಣ್ಣೆ ಪದರ ನೆನಪಾಗಬಹುದು. ತೆಳುವಾದ ದ್ರವಪದರದಲ್ಲಿ ಒತ್ತಡದ ವ್ಯತ್ಯಾಸ ಹುಟ್ಟುತ್ತೆ: ಮಧ್ಯೆ ತಳ್ಳುತ್ತೆ, ಸುತ್ತ ಸೆಳೆಯುತ್ತೆ. ರಾತ್ರಿಯಿಡೀ ಹೀಗಾದಾಗ ಎಪಿತೀಲಿಯಂ ಮಧ್ಯದಲ್ಲಿ ತೆಳುವಾಗಿ, ಸುತ್ತ ದಪ್ಪವಾಗುತ್ತೆ. ಮೊದಲ ರಾತ್ರಿಗೇ ಬದಲಾವಣೆ ಗೊತ್ತಾಗುತ್ತೆ, ಪೂರ್ತಿ ಸರಿಹೋಗಲು ಒಂದೆರಡು ವಾರ.

ಇನ್ನೊಂದು ಸಮಸ್ಯೆ ಉಸಿರಾಟದ್ದು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ, ಅದು ಆಮ್ಲಜನಕವನ್ನು ಹೆಚ್ಚಾಗಿ ಗಾಳಿಯಿಂದಲೇ ತಗೊಳ್ಳುತ್ತೆ. ರೆಪ್ಪೆ ಮುಚ್ಚಿದಾಗ ಸಿಗೋದು ತೆರೆದಾಗಿನ ಮೂರನೇ ಒಂದು ಭಾಗದಷ್ಟು. ಅದರ ಮೇಲೆ ಲೆನ್ಸ್ ಬೇರೆ. ಅದಕ್ಕೇ ಆಮ್ಲಜನಕ ಚೆನ್ನಾಗಿ ಹಾಯುವ ವಿಶೇಷ ಪ್ಲಾಸ್ಟಿಕ್ಕೇ ಬೇಕು. ಹಗಲು ಹಾಕುವ ಮಾಮೂಲಿ ಲೆನ್ಸನ್ನು ಹಾಕಿಕೊಂಡು ಮಲಗಿದರೆ ಆರ್ಥೋ-ಕೆ ಆಗಲ್ಲ, ಅಪಾಯ ಆಗುತ್ತೆ.

ಲೆನ್ಸ್ ನಿಲ್ಲಿಸಿದರೆ? ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಕಣ್ಣು ಹಳೇ ಆಕಾರಕ್ಕೆ, ಪವರ್ ಹಳೇ ನಂಬರಿಗೆ. ಲೇಸರ್ ಚಿಕಿತ್ಸೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಇದು ವಾಸಿ ಮಾಡಲ್ಲ, ದಿನಾ ರಾತ್ರಿ ನವೀಕರಿಸಬೇಕಾದ ಒಪ್ಪಂದ ಇದು.

ನಮ್ಮೂರ ರಾತ್ರಿ

ತೊಡಕು ಬರೋದು ಈಗ. ಈ ಒಪ್ಪಂದಕ್ಕೆ ಏಳೆಂಟು ಗಂಟೆಯ ಸಲೀಸು ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಅದು ವರ್ಷಪೂರ್ತಿ ಸಿಗುತ್ತಾ?

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸೋ ಕಾಲ ನೆನೆಸಿಕೊಳ್ಳಿ. ಒಂದು ಬ್ಯಾರನ್ ಹದಕ್ಕೆ ಬರಲು ಐದಾರು ದಿನ. ಶಾಖ ಸುಮಾರು 35 ಡಿಗ್ರಿಯಿಂದ ಮೆಲ್ಲಗೆ ಏರಿ ಕೊನೆಗೆ 70ರ ಹತ್ತಿರ ಮುಟ್ಟಬೇಕು. ರಾತ್ರಿ ಎದ್ದು ಸೌದೆ ತಳ್ಳಬೇಕು, ಥರ್ಮಾಮೀಟರ್ ನೋಡಬೇಕು, ಇಲ್ಲದಿದ್ದರೆ ಸೊಪ್ಪಿನ ಬಣ್ಣ ಹೋಗಿ ರೇಟೂ ಹೋಗುತ್ತೆ. ಎಚ್.ಡಿ. ಕೋಟೆಯ ಕಾಡಂಚಿನ ಊರುಗಳಲ್ಲಿ ಆನೆ ಬರುತ್ತೆ ಅಂತ ರಾತ್ರಿ ಕಾವಲು. ಕೆ.ಆರ್. ನಗರದ ಕಡೆ ಗದ್ದೆ ಕೆಲಸ, ಒಕ್ಕಣೆ ಕಾಲದ ಧೂಳು. ಎಲ್ಲ ಊರಲ್ಲೂ ರಾತ್ರಿ ತ್ರೀ ಫೇಸ್ ಬಂದಾಗ ಪಂಪ್‌ಸೆಟ್ ಹಾಕೋ ಕೆಲಸ ಇದ್ದೇ ಇದೆ.

ಲೆನ್ಸ್ ಹಾಕಿಕೊಂಡು ಹೊಗೆಯ ಮುಂದೆ ಕೂರೋ ಹಾಗಿಲ್ಲ. ಲೆನ್ಸ್ ಬಿಟ್ಟರೆ ಒಂದೆರಡು ದಿನದಲ್ಲಿ ಮಂಜು ಶುರು. ಆಗ ಪವರ್ ಅರ್ಧಂಬರ್ಧ ವಾಪಸ್ ಬಂದಿರುತ್ತೆ, ಹಳೇ ಕನ್ನಡಕವೂ ಸರಿಯಾಗಿ ಹೊಂದಲ್ಲ. ರಾತ್ರಿ ಪಾಪೆ ಹಿಗ್ಗಿದಾಗ ಸರಿಪಡಿಸಿದ ವಲಯದ ಆಚೆಯಿಂದಲೂ ಬೆಳಕು ನುಗ್ಗಿ, ಹೆಡ್‌ಲೈಟ್ ಸುತ್ತ ಪ್ರಭೆ ಕಾಣುತ್ತೆ. ಮೈಸೂರು–ಹುಣಸೂರು ಹೆದ್ದಾರಿಯಲ್ಲಿ ರಾತ್ರಿ ಬೈಕ್ ಓಡಿಸುವವರು ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ಇನ್ನು ಒಕ್ಕಣೆ ಕಣದಲ್ಲಿ ಕನ್ನಡಕ ಹೊಟ್ಟು, ಧೂಳಿಗೆ ಒಂದು ಅಡ್ಡಗೋಡೆಯೂ ಹೌದು. ಅದು ಹೋದರೆ ಬೇರೆ ರಕ್ಷಣೆ ಬೇಕು.

ನೀರು ಅಂದ್ರೆ ನೀರೇ

ಎಲ್ಲಕ್ಕಿಂತ ಮುಖ್ಯವಾದ ಮಾತು ನೀರಿನದು. ಬೋರ್‌ವೆಲ್, ನಲ್ಲಿ, ಟ್ಯಾಂಕರ್, ಹಾಸ್ಟೆಲಿನ ಫಿಲ್ಟರ್ ಯಾವುದೂ ಲೆನ್ಸಿಗಾಗಲಿ ಅದರ ಡಬ್ಬಿಗಾಗಲಿ ತಾಗಬಾರದು. ನೀರಲ್ಲಿ ಅಕಾಂತಮೀಬಾ ಅನ್ನುವ ಏಕಕೋಶ ಜೀವಿ ಇರಬಹುದು. ಕುಡಿದರೆ ಏನೂ ಆಗದ ನೀರು ಲೆನ್ಸಿನಡಿ ಸೇರಿದರೆ ಕಾರ್ನಿಯಾ ಕೊರೆಯುವ ಸೋಂಕು ತರಬಹುದು. 2000ರ ಆಸುಪಾಸಿನಲ್ಲಿ ಪೂರ್ವ ಏಷ್ಯಾದಲ್ಲಿ ಆರ್ಥೋ-ಕೆ ಹಾಕಿದ ಹಲವು ಮಕ್ಕಳು, ಯುವಕರು ಇಂಥ ಸೋಂಕಿಗೆ ಸಿಕ್ಕರು. ಲೆನ್ಸನ್ನು ನಲ್ಲಿ ನೀರಲ್ಲಿ ತೊಳೆದದ್ದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಸೋಂಕು ಎಪಿತೀಲಿಯಂ ದಾಟಿ ಒಳಗಿಳಿದರೆ ಕಲೆ ಉಳಿಯುತ್ತೆ. ನಮ್ಮೂರ ಮಾತಲ್ಲಿ "ಕಣ್ಣಿಗೆ ಹೂ ಬಿತ್ತು" ಅನ್ನೋದು ಇದನ್ನೇ. ಅದು ಮತ್ತೆ ಹಳೇ ಆಕಾರಕ್ಕೆ ಬರುವಂಥದ್ದಲ್ಲ.

ಸರಿಯಾಗಿ ಬಳಸಿದರೆ ಇಂಥ ಸೋಂಕು ಅಪರೂಪ. ಹಾಗಾಗಿ ನಿಯಮಗಳು:

- ಸೋಪಿನಿಂದ ಕೈ ತೊಳೆದು, ಪೂರ್ತಿ ಒರೆಸಿಕೊಂಡ ಮೇಲೆ ಲೆನ್ಸ್ ಮುಟ್ಟಿ. ಲೆನ್ಸಿಗೆ ವೈದ್ಯರು ಹೇಳಿದ ದ್ರಾವಣ ಮಾತ್ರ.
- ಬೆಳಗ್ಗೆ ಲೆನ್ಸ್ ಅಂಟಿಕೊಂಡಿದ್ದರೆ ಕೀಳಬೇಡಿ. ಡ್ರಾಪ್ಸ್ ಹಾಕಿ, ಕಣ್ಣು ಮಿಟುಕಿಸಿ, ಅದು ಸಡಿಲವಾದ ಮೇಲೆ ತೆಗೆಯಿರಿ.
- ಡಬ್ಬಿ ಆಗಾಗ ಬದಲಿಸಿ. ಹಳೇ ದ್ರಾವಣದ ಮೇಲೇ ಹೊಸದು ಸುರಿಯಬೇಡಿ.
- ಜ್ವರ, ನೆಗಡಿ, ಕಣ್ಣು ಕೆಂಪು ಇದ್ದ ರಾತ್ರಿ ಲೆನ್ಸ್ ಬೇಡ.
- ನೋವು, ಕೆಂಪು, ಬೆಳಕು ನೋಡಲಾಗದ ಸ್ಥಿತಿ ಇದ್ದರೆ ಅವತ್ತೇ ಕಣ್ಣಿನ ವೈದ್ಯರ ಹತ್ತಿರ. ನಂದಿಬಟ್ಟಲು ಹೂವಿನ ರಸವೂ ಬೇಡ, ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಡ್ರಾಪ್ಸೂ ಬೇಡ. ಸ್ಟೀರಾಯ್ಡ್ ಡ್ರಾಪ್ಸ್ ಇಂಥ ಸೋಂಕನ್ನು ಇನ್ನೂ ಕೆಡಿಸಬಹುದು.

ಹಾಗಾದರೆ ಯಾರಿಗೆ?

ಬೆಳೆಯುವ ಮಕ್ಕಳಲ್ಲಿ ಆರ್ಥೋ-ಕೆಗೆ ಇನ್ನೊಂದು ಉಪಯೋಗ ಇದೆ. 2012ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್ ಅಧ್ಯಯನವೊಂದರಲ್ಲಿ, ಇದನ್ನು ಹಾಕಿದ ಮಕ್ಕಳ ಕಣ್ಣುಗುಡ್ಡೆ ಉದ್ದವಾಗುವುದು ಎರಡು ವರ್ಷದಲ್ಲಿ ಶೇ. 43ರಷ್ಟು ಕಡಿಮೆಯಾಗಿತ್ತು. ನಿಮ್ಮ ತಮ್ಮ, ತಂಗಿಗೆ ವರ್ಷ ವರ್ಷ ನಂಬರ್ ಏರುತ್ತಿದ್ದರೆ ವೈದ್ಯರನ್ನು ಕೇಳಬಹುದಾದ ವಿಷಯ ಇದು. ನಮ್ಮ ವಯಸ್ಸಿಗೆ ಕಣ್ಣಿನ ಬೆಳವಣಿಗೆ ಬಹುಪಾಲು ಮುಗಿದಿರುತ್ತೆ. ನಮಗೆ ಸಿಗೋ ಮುಖ್ಯ ಲಾಭ ಹಗಲು ಕನ್ನಡಕ ಇಲ್ಲದಿರುವುದು, ಅಷ್ಟೇ. ಅದಕ್ಕೆ ಕನ್ನಡಕದ ಹಲವು ಪಟ್ಟು ಖರ್ಚು ಮಾಡಬೇಕು, ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು.

ಹಾಕಿಸಿಕೊಳ್ಳುವ ಮನಸ್ಸಿದ್ದರೆ ಮೊದಲು ಕಾರ್ನಿಯಾದ ಟೊಪೊಗ್ರಫಿ, ಅಂದ್ರೆ ಮೇಲ್ಮೈಯ ನಕ್ಷೆ, ಮಾಡಿಸಿ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ಇದ್ದರೆ ಅದರಲ್ಲಿ ಗೊತ್ತಾಗುತ್ತೆ, ಅಂಥವರಿಗೆ ಇದು ಬೇಡ. ಆಮೇಲೆ ವೈದ್ಯರಿಗೆ ನಿಮ್ಮ ನಂಬರಿನ ಜೊತೆ ನಿಮ್ಮ ರಾತ್ರಿಯ ಬಗ್ಗೆಯೂ ಹೇಳಿ: ಎಷ್ಟು ಗಂಟೆ ನಿದ್ದೆ, ಬೆಳಗಿನ ಬಸ್ ಎಷ್ಟಕ್ಕೆ, ಯಾವ ತಿಂಗಳು ಬ್ಯಾರನ್ ಸರದಿ. ಆ ತಿಂಗಳು ಬರುವ ಮುಂಚೆಯೇ ಲೆನ್ಸ್ ನಿಲ್ಲಿಸಿ, ಕಣ್ಣು ಹಳೇ ಸ್ಥಿತಿಗೆ ಬಂದ ಮೇಲೆ ಕನ್ನಡಕಕ್ಕೆ ಮರಳುವುದು ಹೇಗೆ ಅಂತ ಅವರೇ ದಿನ ಲೆಕ್ಕ ಹಾಕಿ ಕೊಡುತ್ತಾರೆ.

ಹಾಸ್ಟೆಲಿನಲ್ಲಿ ಹತ್ತೂವರೆಗೆ ಮಲಗಿ ಆರೂವರೆಗೆ ಏಳುವವರಿಗೆ ಈ ಲೆನ್ಸ್ ಹೊಂದಬಹುದು. ಸಬ್‌ಮಿಷನ್ ಹಿಂದಿನ ರಾತ್ರಿ ಮೂರು ಗಂಟೆಗೆ ಮಲಗುವವರು, ಬೆಂಕಿ ಕಾಯುತ್ತಾ ಕೂತಲ್ಲೇ ತೂಕಡಿಸುವವರು ಸದ್ಯಕ್ಕೆ ಕನ್ನಡಕವನ್ನೇ ಒರೆಸಿ ಹಾಕಿಕೊಳ್ಳೋಣ. ಹಿಂದೆ ಒಂದು ದಾರ ಕಟ್ಟಿಕೊಂಡರೆ ಕೆಸರಿಗೂ ಬೀಳಲ್ಲ.