ಆಂಜಿಯೋಗ್ರಾಂ ನಾರ್ಮಲ್, ಆದ್ರೂ ಎದೆನೋವು ಯಾಕೆ?

‘ರಿಪೋರ್ಟ್ ನಾರ್ಮಲ್’ ಅಂದ್ರೆ ಖುಷಿಪಡಬೇಕು, ಅಲ್ವಾ? ಪಡುಬಿದ್ರಿಯ ನಮ್ಮ ಮನೆಯಲ್ಲಿ ಮಾತ್ರ ಆ ಮಾತಿನಿಂದ ಅಮ್ಮ ಇನ್ನಷ್ಟು ಕುಗ್ಗಿದ್ರು. ಮೆಟ್ಟಿಲು ಹತ್ತಿದರೆ, ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಎದೆ ಹಿಡಿದ ಹಾಗೆ ಆಗುತ್ತಿತ್ತು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ‘ಗ್ಯಾಸ್ಟ್ರಿಕ್ ಇರಬೇಕು, ಟೆನ್ಷನ್ ಬಿಡಿ’ ಅಂತ ಕಳಿಸಿದರು. ‘ಹಾಗಾದ್ರೆ ನಾನು ಸುಳ್ಳು ಹೇಳ್ತೇನಾ ಮಗಾ?’ ಎಂದು ಅಮ್ಮ ಕೇಳಿದ್ರು.

ಅದು ಸುಳ್ಳಲ್ಲ. ಆಂಜಿಯೋಗ್ರಾಂನಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು ಮಾತ್ರ. ಅರ್ಧ ಮಿಲಿಮೀಟರಿಗಿಂತ ಸಣ್ಣವು ಕಾಣುವುದಿಲ್ಲ. ಹೆದ್ದಾರಿ 66 ಖಾಲಿ ಇದೆ, ಮನೆಗೆ ಹೋಗುವ ಓಣಿಯಲ್ಲೇ ಜಾಮ್ ಅಂದ್ಕೊಳ್ಳಿ. ಶ್ರಮ ಬಿದ್ದಾಗ ಹಿಗ್ಗಬೇಕಾದ ಈ ನಾಳಗಳು ಹಿಗ್ಗುವುದಿಲ್ಲ, ಕೆಲವರಲ್ಲಿ ಇದ್ದಕ್ಕಿದ್ದಂತೆ ಬಿಗಿದುಕೊಳ್ಳುತ್ತವೆ. ಇದೇ ಮೈಕ್ರೋವಾಸ್ಕುಲರ್ ಆಂಜೈನಾ. ಮಹಿಳೆಯರಲ್ಲಿ ಹೆಚ್ಚು. ಕಾರಣ ತಿಳಿಯದ ಕಾಲದಲ್ಲಿ, 1973ರಲ್ಲಿ, ಇದಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದೇ ಹೆಸರಿಟ್ಟಿದ್ದರು.

ಇಷ್ಟು ಸಣ್ಣ ನಾಳಕ್ಕೆ ಸ್ಟೆಂಟ್ ಹಾಕಲಾಗದು. ಹಾಗಾಗಿ ಔಷಧಿಯೇ ದಾರಿ. ಆದರೆ ಯಾವ ಔಷಧಿ? ನಮ್ಮ ಕೆಲಸದಲ್ಲಿ ಬಗ್ ಎಲ್ಲಿದೆ ಎಂದು ತಿಳಿಯದೆ ಕೋಡ್ ಮುಟ್ಟುವುದಿಲ್ಲವಲ್ಲ, ಇಲ್ಲೂ ಹಾಗೇ. ನಾಳ ಹಿಗ್ಗದ ತೊಂದರೆಗೆ ಸಾಮಾನ್ಯವಾಗಿ ಬೀಟಾ ಬ್ಲಾಕರ್ ಕೊಡುತ್ತಾರೆ. ಬಿಗಿದುಕೊಳ್ಳುವ ತೊಂದರೆಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಬೇಕು, ಅಲ್ಲಿ ಬೀಟಾ ಬ್ಲಾಕರ್ ಕೆಲವರಿಗೆ ನೋವು ಹೆಚ್ಚಿಸಬಹುದು.

2018ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಕಾರ್‌ಮೈಕಾ ಅಧ್ಯಯನ ಇದನ್ನೇ ಪರೀಕ್ಷಿಸಿತು. ಬ್ಲಾಕ್ ಇಲ್ಲದ, ಆದರೆ ನೋವಿರುವ 151 ಮಂದಿಗೆ ತೆಳು ತಂತಿಯಿಂದ ರಕ್ತದ ಹರಿವು ಅಳೆದರು, ನಾಳ ಬಿಗಿಯುತ್ತದೆಯೇ ಎಂದೂ ನೋಡಿದರು. ಫಲಿತಾಂಶಕ್ಕೆ ತಕ್ಕ ಔಷಧಿ ಪಡೆದವರಿಗೆ ಆರು ತಿಂಗಳಲ್ಲಿ ನೋವು ಹೆಚ್ಚು ಕಡಿಮೆಯಾಗಿತ್ತು. ಹೊಸ ಔಷಧಿಗಳ ಹುಡುಕಾಟವೂ ನಡೆದಿದೆ, ಎಲ್ಲವೂ ಗೆಲ್ಲುವುದಿಲ್ಲ. ಜಿಬೊಟೆಂಟಾನ್ ಎಂಬ ಮಾತ್ರೆಯಿಂದ ರೋಗಿಗಳ ನಡೆಯುವ ಶಕ್ತಿ ಹೆಚ್ಚಲಿಲ್ಲ ಎಂದು 2024ರಲ್ಲಿ ತಿಳಿಯಿತು.

ನಾವು ಮಣಿಪಾಲಕ್ಕೆ ಹೋಗಿ ಇನ್ನೊಬ್ಬ ಹೃದ್ರೋಗ ತಜ್ಞರನ್ನು ಕಂಡೆವು. ಮಾತ್ರೆ ಬದಲಾಯಿತು, ಬಿಪಿ ಹಿಡಿತಕ್ಕೆ ಬಂತು, ಸಂಜೆಯ ನಡಿಗೆ ಶುರುವಾಯಿತು. ನೋವು ಪೂರ್ತಿ ಹೋಗಿಲ್ಲ, ಆದರೆ ಅಮ್ಮ ಈಗ ಹೆದರುವುದಿಲ್ಲ.

ನಿಮ್ಮ ಮನೆಯಲ್ಲೂ ಹೀಗಿದ್ದರೆ, ‘ಸಣ್ಣ ನಾಳಗಳ ತೊಂದರೆ ಇರಬಹುದಾ?’ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಮಾತ್ರೆಯನ್ನು ನೀವೇ ಬದಲಿಸಬೇಡಿ. ವಿಶ್ರಾಂತಿ ಪಡೆದರೂ ನೋವು ನಿಲ್ಲದೆ ಬೆವರು, ಉಸಿರುಗಟ್ಟುವಿಕೆ ಬಂದರೆ ಕಾಯದೆ 108ಕ್ಕೆ ಕರೆ ಮಾಡಿ.