ಹನೋಕ, ಎಲೀಯ: ಸಾವು ಕಾಣದೆ ಹೋದ ಇಬ್ಬರು

ಬೈಬಲಿನ ಮೊದಲ ಪುಸ್ತಕ ಆದಿಕಾಂಡ. ಅದರ 5ನೇ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗಿನ ವಂಶಾವಳಿಯಿದೆ. ನೋಹನಿಗಿಂತ ಮುಂಚಿನ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಒಕ್ಕಣೆ: ಇಷ್ಟು ವರ್ಷಕ್ಕೆ ಮಗ ಹುಟ್ಟಿದ, ಆಮೇಲೆ ಇಷ್ಟು ವರ್ಷ ಬದುಕಿದ, ಸತ್ತ. 962 ವರ್ಷ ಬಾಳಿದ ಯೆರೆದನೂ ಸತ್ತ, 969 ವರ್ಷ ಬಾಳಿದ ಮೆತೂಷೆಲಹನೂ ಸತ್ತ. ಯೆರೆದನ ಮಗನೂ ಮೆತೂಷೆಲಹನ ತಂದೆಯೂ ಆದ ಹನೋಕನಿಗೆ ಮಾತ್ರ ಆ ಕೊನೆಯ ಮಾತಿಲ್ಲ. ದೇವರೊಂದಿಗೆ ನಡೆದ ಅವನನ್ನು 365ನೇ ವಯಸ್ಸಿನಲ್ಲಿ ದೇವರೇ ಕರೆದುಕೊಂಡ, ಆಮೇಲೆ ಅವನು ಕಾಣಲಿಲ್ಲ ಎಂದಷ್ಟೇ ಇದೆ. ಹೊಸ ಒಡಂಬಡಿಕೆಯ ಯೂದನ ಪತ್ರಿಕೆ ಇವನನ್ನು ಪ್ರವಾದಿಯೆಂದೇ ಎಣಿಸುತ್ತದೆ. ಇನ್ನೊಬ್ಬ ಪ್ರವಾದಿ ಎಲೀಯ. ಯೊರ್ದನ್ ಹೊಳೆಯ ಆಚೆ ಬೆಂಕಿಯ ರಥವೊಂದು ಅವನನ್ನೂ ಶಿಷ್ಯ ಎಲೀಷನನ್ನೂ ಬೇರ್ಪಡಿಸಿತು, ಸುಳಿಗಾಳಿ ಅವನನ್ನು ಪರಲೋಕಕ್ಕೆ ಎತ್ತಿಕೊಂಡು ಹೋಯಿತು ಎನ್ನುತ್ತದೆ ಅರಸುಗಳ ಎರಡನೇ ಪುಸ್ತಕ. ಇಬ್ಬರೂ ನಿಜವಾಗಿ ಸಾಯಲಿಲ್ಲವೇ? ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಆದರೆ ಗ್ರಂಥ ಹೇಳುತ್ತಿರುವುದು ಇದನ್ನೇ, ಅದೂ ಬೇಕೆಂದೇ ಹೇಳುತ್ತಿದೆ.

ಇದಕ್ಕೆ ಬಲವಾದ ಪುರಾವೆ ಮೋಶೆಯ ಕಥೆ. ಅವನ ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದು ಎನ್ನುವ ಧರ್ಮೋಪದೇಶಕಾಂಡ, ಅವನು ಸತ್ತನೆಂದೂ ಜನ ಮೂವತ್ತು ದಿನ ಗೋಳಾಡಿದರೆಂದೂ ಸ್ಪಷ್ಟವಾಗಿ ಬರೆಯುತ್ತದೆ. ಅಂದರೆ ಶವ ಸಿಗದ ಸಾವನ್ನು ಸಾವೆಂದು ಕರೆಯಲು ಈ ಪರಂಪರೆಗೆ ಅಳುಕಿಲ್ಲ. ಎಲೀಯನ ಕಥೆಯಲ್ಲಂತೂ ನಮ್ಮ ಅನುಮಾನವನ್ನು ಪಾತ್ರಗಳೇ ಎತ್ತುತ್ತವೆ. ಗಾಳಿ ಅವನನ್ನು ಯಾವುದಾದರೂ ಬೆಟ್ಟದ ಮೇಲೋ ಕಣಿವೆಯಲ್ಲೋ ಹಾಕಿರಬಹುದು ಎಂದು ಯೆರಿಕೋವಿನ ಪ್ರವಾದಿಮಂಡಲಿಯವರು ಪಟ್ಟು ಹಿಡಿಯುತ್ತಾರೆ. ಬೇಡವೆಂದ ಎಲೀಷ ಕೊನೆಗೆ ಒಪ್ಪುತ್ತಾನೆ. ಐವತ್ತು ಮಂದಿ ಮೂರು ದಿನ ಹುಡುಕಿ ಬರಿಗೈಯಲ್ಲಿ ಮರಳುತ್ತಾರೆ. ಎಲೀಯ ಎಲ್ಲೋ ಬಿದ್ದು ಸತ್ತಿರಬೇಕೆಂಬ ಊಹೆಗೆ ಕಥೆಗಾರ ಇಲ್ಲೇ ಬಾಗಿಲು ಮುಚ್ಚುತ್ತಾನೆ.

ಇದನ್ನು ಒಪ್ಪದವರು ಹಿಂದೆಯೇ ಇದ್ದರು. ಹನೋಕ ಒಳ್ಳೆಯವನಾದರೂ ಚಂಚಲ, ದಾರಿ ತಪ್ಪುವ ಮೊದಲೇ ದೇವರು ಅವನ ಆಯುಸ್ಸು ಮುಗಿಸಿದ ಎಂದು 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಅರ್ಥ ಹೇಳಿದ. ಮೋಶೆಯಾಗಲಿ ಎಲೀಯನಾಗಲಿ ಮೇಲಕ್ಕೆ ಹೋಗಲೇ ಇಲ್ಲ ಎಂಬ ರಬ್ಬಿ ಯೋಸೆಯ ಮಾತು ಯೆಹೂದಿಗಳ ತಾಲ್ಮುಡ್ ಗ್ರಂಥದಲ್ಲಿದೆ. ಆಕಾಶ ದೇವರದು, ಭೂಮಿ ಮನುಷ್ಯರದು ಎಂಬ ಕೀರ್ತನೆಯೇ ಯೋಸೆಯ ಮಾತಿಗೆ ಆಧಾರ. ಆದರೆ ಹನೋಕ ಚಂಚಲನೆಂದು ಆದಿಕಾಂಡ ಎಲ್ಲೂ ಹೇಳಿಲ್ಲ, ದೇವರೊಂದಿಗಿನ ಅವನ ನಡೆಯನ್ನು ಎರಡು ಸಲ ಹೊಗಳಿದೆ. ಕೀರ್ತನೆ ಹೇಳುವುದು ಲೋಕದ ಸಾಮಾನ್ಯ ವ್ಯವಸ್ಥೆಯನ್ನು. ಆ ವ್ಯವಸ್ಥೆ ಮಾಡಿದವನ ಕೈಯನ್ನು ಅದು ಕಟ್ಟಿಹಾಕುವುದಿಲ್ಲ.

ಕ್ರೈಸ್ತರಲ್ಲಿ ಏಳುವ ಆಕ್ಷೇಪಗಳು ಬೇರೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಹನೋಕ ಸಾವನ್ನು ಕಾಣಲಿಲ್ಲ ಎಂದು ಹೇಳಿ, ಕೆಲವೇ ಸಾಲುಗಳ ನಂತರ ಇವರೆಲ್ಲರೂ ನಂಬಿಕೆಯಲ್ಲೇ ಸತ್ತರು ಎನ್ನುತ್ತದೆ. ಆ ಎಲ್ಲರೂ ಯಾರು? ಮುಂದೆಯೇ ಉತ್ತರವಿದೆ: ಬಿಟ್ಟುಬಂದ ನಾಡಿಗೆ ಮರಳಬಹುದಾಗಿದ್ದವರು, ಅಂದರೆ ಅಬ್ರಹಾಮನ ಮನೆಯವರು. ಆ ವಿವರ ಹನೋಕನಿಗೆ ಒಪ್ಪುವುದೇ ಇಲ್ಲ. ಯಾರೂ ಪರಲೋಕಕ್ಕೆ ಏರಿಹೋಗಿಲ್ಲ ಎಂಬ ಯೇಸುವಿನ ಮಾತು ಯೋಹಾನನ ಸುವಾರ್ತೆಯಲ್ಲಿರುವುದು ನಿಜ. ಇದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಆದರೆ ನಿಕೊದೇಮನೆಂಬವನ ಜೊತೆ ಯೇಸು ನಡೆಸಿದ ಆ ಸಂಭಾಷಣೆಯ ವಿಷಯ ಪರಲೋಕದ ಸಂಗತಿಗಳನ್ನು ತಿಳಿಸಬಲ್ಲವರು ಯಾರು ಎಂಬುದು. ಏರಿಹೋಗಿ, ಅಲ್ಲಿನದನ್ನು ತಿಳಿದು ಬಂದು ಹೇಳಿದವರಿಲ್ಲ ಎಂಬುದೇ ಅಲ್ಲಿನ ತಾತ್ಪರ್ಯ. ಎಲೀಯ ಹಾಗೆ ಸುದ್ದಿ ತಂದವನಲ್ಲ. ಇನ್ನು ಯೆಹೂದದ ಅರಸ ಯೆಹೋರಾಮನಿಗೆ ಎಲೀಯನ ಪತ್ರ ಬಂತೆಂಬ ಪೂರ್ವಕಾಲವೃತ್ತಾಂತದ ಮಾತನ್ನು ಹಿಡಿದು, ಅವನು ಸುಳಿಗಾಳಿಯ ನಂತರವೂ ಭೂಮಿಯಲ್ಲೇ ಇದ್ದ ಎನ್ನುವವರಿದ್ದಾರೆ. ಆದರೆ ಎಲೀಯನ ನಿರ್ಗಮನಕ್ಕೆ ಮೊದಲೇ ಯೆಹೋರಾಮನ ಎರಡನೇ ವರ್ಷವನ್ನು ಅರಸುಗಳ ಪುಸ್ತಕ ನಮೂದಿಸಿದೆ. ಪತ್ರ ಮೊದಲೇ ಬರೆದದ್ದಾಗಿರಲು ಅಡ್ಡಿಯಿಲ್ಲ.

ಹಾಗೆಂದು ಗ್ರಂಥ ಹೇಳದ್ದನ್ನು ನಾವು ಸೇರಿಸಬಾರದು. ಎಲೀಯನ ವಿಷಯದಲ್ಲಿ ಪರಲೋಕದ ಹೆಸರಿದೆ. ಹನೋಕ ಹೋದದ್ದೆಲ್ಲಿಗೆಂದು ಆದಿಕಾಂಡ ಬಾಯಿಬಿಡುವುದಿಲ್ಲ. ಸಾವು ತಪ್ಪಿದ್ದು ಅವರ ತಪಸ್ಸಿನ ಗಳಿಕೆಯೂ ಅಲ್ಲ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿದ ಎಲೀಯ, ಜಾಲಿಯಂಥ ಒಂದು ಗಿಡದ ಕೆಳಗೆ ಕುಳಿತು ಸಾವನ್ನೇ ಬೇಡಿದ್ದ. ಬೇಡಿದವನಿಗೆ ಸಿಕ್ಕಿದ್ದು ರೊಟ್ಟಿ, ನೀರು ಮತ್ತು ಮುಂದಿನ ಕೆಲಸ. ಮನುಷ್ಯ ಸಾವನ್ನು ಗೆಲ್ಲಬಲ್ಲ ಎಂದು ಈ ಕಥೆಗಳು ಹೇಳುತ್ತಿಲ್ಲ. ಸಾವು ಎಲ್ಲರಿಗೂ ಬರುವ ನಿಯಮವಾದರೂ ಅದು ದೇವರಿಗಿಂತ ದೊಡ್ಡದಲ್ಲ ಎನ್ನುತ್ತಿವೆ. ಈ ಇಬ್ಬರನ್ನೂ ಹೇಗಾದರೂ ಸಾಯಿಸಲೇಬೇಕೆಂದು ಹೊರಟ ವ್ಯಾಖ್ಯಾನ ಕೈಬಿಡುವುದು ಈ ಮಾತನ್ನೇ.