ಡಿಸ್ಚಾರ್ಜ್‌ಗೆ ಮುಂಚಿನ ಒಂದು ಗಂಟೆ

ರೋಗಿಯನ್ನು ಸಂದರ್ಶಿಸುವುದರಲ್ಲಿ ನಾವು ಹಿಂದೆ ಬೀಳುವವರಲ್ಲ. ಹಣ್ಣು ಹಿಡಿದು ಹೋಗುತ್ತೇವೆ, ದುಆ ಮಾಡುತ್ತೇವೆ. ಆದರೆ ಡಿಸ್ಚಾರ್ಜ್ ದಿನ ನಮ್ಮ ಗಮನವೆಲ್ಲ ಬಿಲ್ಲು ಮತ್ತು ಆಟೋದ ಮೇಲೆ. ನರ್ಸ್ ಏನೋ ವಿವರಿಸುತ್ತಿದ್ದರೆ ತಲೆಯಾಡಿಸಿ ಹೊರಟುಬಿಡುತ್ತೇವೆ. ಆ ಮಾತಿನ ಬೆಲೆಯೆಷ್ಟೆಂದು ಅಳೆದು ನೋಡಿದ ಅಧ್ಯಯನಗಳಿವೆ.

ಹೃದಯ ವೈಫಲ್ಯವನ್ನೇ ನೋಡೋಣ. ಹೃದಯ ನಿಂತುಹೋಗುವುದು ಎಂದು ಇದರ ಅರ್ಥವಲ್ಲ. ರಕ್ತವನ್ನು ದೂಡುವ ಅದರ ಶಕ್ತಿ ಕುಗ್ಗಿರುತ್ತದೆ. ಶ್ವಾಸಕೋಶದಲ್ಲಿ, ಕಾಲುಗಳಲ್ಲಿ ನೀರು ತುಂಬುತ್ತದೆ. ಆಸ್ಪತ್ರೆಯಲ್ಲಿ ನೀರು ಇಳಿಸಿ ಮನೆಗೆ ಕಳುಹಿಸುತ್ತಾರೆ. ಕೆಲವೇ ವಾರಗಳಲ್ಲಿ ಮತ್ತೆ ಉಬ್ಬಸ, ಮತ್ತೆ ಆಸ್ಪತ್ರೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 70 ವರ್ಷ ದಾಟಿದ ಇಂತಹ 282 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ನರ್ಸ್‌ಗಳ ಮುಂದಾಳತ್ವದಲ್ಲಿ ರೋಗದ ತಿಳುವಳಿಕೆ, ಪಥ್ಯದ ಸಲಹೆ ಕೊಟ್ಟು, ಮನೆಗೆ ಹೋದ ಮೇಲೂ ವಿಚಾರಿಸಿಕೊಂಡರು. 1995ರಲ್ಲಿ ಪ್ರಕಟವಾದ ಫಲಿತಾಂಶದಂತೆ, 90 ದಿನಗಳಲ್ಲಿ ಆ ಗುಂಪಿನವರು ಮರಳಿ ದಾಖಲಾದದ್ದು 53 ಬಾರಿ. ಉಳಿದವರು 94 ಬಾರಿ. ಅವರ ಬದುಕಿನ ಗುಣಮಟ್ಟವೂ ಹೆಚ್ಚು ಸುಧಾರಿಸಿತ್ತು. ಮಿಷಿಗನ್‌ನಲ್ಲಿ 223 ರೋಗಿಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸರಳ. ಬಿಡುಗಡೆಯ ವೇಳೆ ನರ್ಸ್ ಎದುರು ಕುಳಿತು ಒಂದೇ ಒಂದು ಗಂಟೆ ಪಾಠ ಹೇಳಿದರು, ಅಷ್ಟೆ. ಆರು ತಿಂಗಳಲ್ಲಿ ಮರುದಾಖಲೆ ಅಥವಾ ಸಾವಿನ ಅಪಾಯ ಶೇ. 35ರಷ್ಟು ಕಡಿಮೆಯಾಯಿತು.

ಬದುಕಿನ ಗುಣಮಟ್ಟವೆಂದರೆ ದೊಡ್ಡ ಮಾತೇನೂ ಅಲ್ಲ. ಮೆಟ್ಟಿಲು ಹತ್ತಬಹುದೇ? ದಿಂಬು ಏರಿಸದೆ ನಿದ್ದೆ ಬರುತ್ತದೆಯೇ? ನಮ್ಮ ಹಿರಿಯರಾದರೆ, ಸುಜೂದ್‌ಗೆ ಬಾಗಿದಾಗ ಉಸಿರು ಕಟ್ಟುತ್ತದೆಯೇ? ಇದನ್ನು ವಯಸ್ಸಿನ ಸುಸ್ತು ಎಂದು ತಳ್ಳಿಹಾಕಬಾರದು. ಬಾಗಿದಾಗ ಉಸಿರು ಕಟ್ಟುವುದು ನೀರು ತುಂಬುತ್ತಿರುವುದರ ಸೂಚನೆಯೂ ಆಗಿರಬಹುದು.

ಆ ಒಂದು ಗಂಟೆಯಲ್ಲಿ ಹೇಳುವುದೇನು? ದಿನಾ ಬೆಳಿಗ್ಗೆ ತೂಕ ನೋಡಿ, ಮೂರು ದಿನದಲ್ಲಿ ಎರಡು ಕೆ.ಜಿ.ಗಿಂತ ಹೆಚ್ಚು ಏರಿದರೆ ಉಬ್ಬಸಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಮೆಡಿಕಲ್ ಶಾಪಿನಿಂದ ಮಂಡಿನೋವಿನ ಮಾತ್ರೆ ತಂದು ನುಂಗಬಾರದು. ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್‌ನಂಥವು ದೇಹದಲ್ಲಿ ಉಪ್ಪು ನೀರನ್ನು ಹಿಡಿದಿಡುತ್ತವೆ. ಇನ್ನು ಉಪ್ಪು. ಸಾರಿಗೆ ಕಡಿಮೆ ಹಾಕಿ, ಪಕ್ಕದಲ್ಲಿ ಒಣಮೀನು, ಉಪ್ಪಿನಕಾಯಿ, ಹಪ್ಪಳ ಇಟ್ಟರೆ ಪಥ್ಯವಾಗುವುದಿಲ್ಲ. ಮದುವೆಯ ಬಿರಿಯಾನಿಯ ವಿಷಯ ಓದುಗರಿಗೇ ಬಿಟ್ಟಿದ್ದೇವೆ.

ನಮ್ಮ ಮನೆಗಳಲ್ಲಿ ಒಂದು ವಿಚಿತ್ರವಿದೆ. ನರ್ಸ್ ಮಾತು ಕೇಳುವವನು ಗಲ್ಫ್‌ನಿಂದ ಬಂದ ಮಗ, ಅಡುಗೆ ಮಾಡುವವಳು ಸೊಸೆ. ಬಿಡುಗಡೆಯ ದಿನ ಅವಳೂ ಆ ಮಂಚದ ಬಳಿ ಇರಬೇಕು, ಅವಳೇ ಪ್ರಶ್ನೆ ಕೇಳಬೇಕು. ರಮಝಾನ್ ಹತ್ತಿರವಿದ್ದರೆ ಉಪವಾಸದ ಬಗ್ಗೆಯೂ ಅಲ್ಲೇ ಕೇಳಿ. ರೋಗಿಗೆ ಅಲ್ಲಾಹನು ರಿಯಾಯಿತಿ ಕೊಟ್ಟಿದ್ದಾನೆ. ನೀರಿಳಿಸುವ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳದೆ ಸಹ್ರಿಗೋ ಇಫ್ತಾರ್‌ಗೋ ಬದಲಾಯಿಸುವ ಅಧಿಕಾರ ಮಾತ್ರ ನಮಗಿಲ್ಲ.

ಹಣ್ಣಿನ ಬುಟ್ಟಿಯ ಬದಲು ಮುಂದಿನ ಸಲ ಒಂದು ತೂಕದ ಯಂತ್ರ ಕೊಂಡೊಯ್ಯಬಹುದು.